ಮರೆಯಾಗುವ ಮುಂಚಿನ ನಡುಕ

ಭಾನುವಾರ, ಬೆಳಗ್ಗೆ ಏಳೂಕಾಲಿಗೆ ಬರೆಯಲು ಕುಳಿತಿದ್ದೇನೆ. ಕಾನಹೊಸಹಳ್ಳಿಯಲ್ಲಿ ನಮಗೆ ವಿಜ್ಞಾನ ಕಲಿಸಿದ ಮೇಷ್ಟ್ರ ಫೋನು ಬಂದ್ ಆಗಿ ಇಂದಿಗೆ ಹತ್ತೊಂಬತ್ತು ದಿನ. ತೆಲಿಗಿ ಊರಿನ ಅವರ ಮನೆಗೆ ಬೀಗ ಬಿದ್ದಿದೆ.

ಶುಕ್ರಗ್ರಹದ ಗಾಳಿಯ ಬಿಸಿಯನ್ನು ಬಾಹ್ಯಾಕಾಶ ನೌಕೆ ದೂರದಿಂದಲೇ ಹೇಗೆ ಅಳೆಯುತ್ತದೆ ಎಂದು ನಾನೊಮ್ಮೆ ಕೇಳಿದಾಗ, ಅವರು ಟಾರ್ಚ್ ಹಿಡಿದು ಬಿಸಿಯೂಟದ ಕೋಣೆಗೆ ನುಗ್ಗಿದ್ದರು.

“ಸಾಂಬಾರಿಗೆ ಕೈ ಹಾಕಬ್ಯಾಡ್ರಿ ಸರ!” ಎಂದರು ಅಡುಗೆಯಕ್ಕ.

“ಮುಟ್ಟಂಗಿಲ್ಲವ್ವ, ನೋಡೇ ಅಳೀತೀನಿ.”

ಒಲೆಯ ಆಚೆ ನಿಂತು ಟಾರ್ಚನ್ನು ನನ್ನತ್ತ ಹಿಡಿದು ಮೆಲ್ಲಗೆ ಇಳಿಸಿದರು. ಬಿಸಿಗಾಳಿಯಲ್ಲಿ ಬೆಳಕು ನಡುಗಿತು, ಬಳಿಕ ಪಾತ್ರೆಯ ಹಿಂದೆ ಮರೆಯಾಯಿತು. ನೌಕೆ ಗ್ರಹದ ಹಿಂದೆ ಸರಿಯುವಾಗಲೂ ಭೂಮಿಗೆ ಬರುವ ಅದರ ರೇಡಿಯೋ ಸಂಕೇತ ಅಲ್ಲಿನ ಗಾಳಿಯಲ್ಲಿ ಹೀಗೆಯೇ ಬಾಗುತ್ತದೆ, ಎಷ್ಟು ಬಾಗಿತು ಎಂಬುದರಿಂದ ಬಿಸಿ ತಿಳಿಯುತ್ತದೆ ಎಂದರು. ನಾನು ‘ಬೆಳಕು ಹೋಯಿತು, 12.10’ ಎಂದಷ್ಟೇ ಬರೆದುಕೊಂಡೆ.

ಮೇಷ್ಟ್ರು ನನ್ನ ಪುಸ್ತಕದೊಳಗೆ ಇಣುಕಿದರು. “ಹೋಗಿದ್ದು ಬರದೀಯಲೇ. ನಡುಗಿದ್ದು ಎಲ್ಲೈತಿ? ಲೆಕ್ಕ ಇರೋದೇ ಅದ್ರಾಗ.” ಆಮೇಲೆ ಯಾವ ಪ್ರಯೋಗ ಮಾಡಿದರೂ ಅದನ್ನೇ ಕೇಳುತ್ತಿದ್ದರು: “ನಡುಗಿದ್ದು ಎಲ್ಲೈತಿ?”

ಕಳೆದ ತಿಂಗಳು ಅವರು ನನಗೆ ನಾಲ್ಕು ಸಲ ಫೋನ್ ಮಾಡಿದ್ದರು. ನಾಲ್ಕೂ ಕರೆಗಳ ದಿನ, ಗಂಟೆ ನನ್ನ ದಿನಚರಿಯಲ್ಲಿವೆ. ಅವರ ದನಿ ಹೇಗಿತ್ತೆಂದು ಒಂದರಲ್ಲೂ ಬರೆದಿಲ್ಲ.

ಅವರನ್ನು ಕಂಡವರು, ಮಾತಾಡಿಸಿದವರು ದಯವಿಟ್ಟು ನನಗೆ ಬರೆಯಿರಿ. ದಿನ, ಗಂಟೆ ಮಾತ್ರವಲ್ಲ, ಅವರ ದನಿ ಹೇಗಿತ್ತು ಎಂಬುದನ್ನೂ.