ಒಂದೇ ತಲೆ ನೋಡಿ ಹೆಣೆದ ಟೋಪಿಗಳು

ಆಗ ನನಗೆ ಐವತ್ತೇಳು. ಹದಿನೆಂಟು ವರ್ಷದ ಹಿಂದಿನ ಮಾತು. ಹೋದ ವಾರ ಟ್ರಂಕು ತೆರೆದಾಗ ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು, ಬಟ್ಟೆಗಳ ಅಡಿಯಲ್ಲಿ ಹಳದಿ ಉಲ್ಲನ್ನಿನ ಅರ್ಧ ಉಂಡೆ ಸಿಕ್ಕಿತು. ಅದನ್ನು ಕೈಯಲ್ಲಿ ಹಿಡಿದದ್ದೇ ಟೀಚರ್ ನೆನಪಾದರು. ನನಗೆ ಶಾಲೆಯಲ್ಲಿ ಪಾಠ ಹೇಳಿದ ಟೀಚರಲ್ಲ. ನಾನು ಶಾಲೆಗೆ ಹೋದದ್ದೇ ಎರಡು ವರ್ಷ, ಈಗಲೂ ಅಕ್ಷರ ಕೂಡಿಸಿ ಕೂಡಿಸಿ ಬರೆಯುವವಳು. ಇವರು ದುಬೈಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದರು. ಮೈಸೂರಿನ ಕಡೆಯವರು.

ನಾನು ಅಲ್ಲಿಗೆ ಹೋದದ್ದು ಮೊಮ್ಮಗನನ್ನು ನೋಡಿಕೊಳ್ಳಲಿಕ್ಕೆ. ಮಗಳು ನರ್ಸು. ಹೆರಿಗೆ ರಜೆ ಮುಗಿದದ್ದೇ ಉಡುಪಿಯಿಂದ ನನ್ನನ್ನು ಕರೆಸಿಕೊಂಡಳು. ಅಲ್ ಬರ್ಷಾದಲ್ಲಿ ಫ್ಲಾಟು. ಬಾಲ್ಕನಿ ಬಾಗಿಲು ತೆರೆದರೆ ಬೆಂಕಿಯಂಥ ಗಾಳಿ, ಮುಚ್ಚಿದರೆ ಎ.ಸಿ.ಯ ಸದ್ದು. ಮಾತಾಡಲು ಜನ ಇಲ್ಲ. ಶುಕ್ರವಾರ ರಜೆಯ ದಿನ ಮಾತ್ರ, ಪಕ್ಕದ ಬಿಲ್ಡಿಂಗಿನ ಮಂಗಳೂರಿನ ಅಕ್ಕ ಒಬ್ಬರ ಮನೆಯಲ್ಲಿ ಕನ್ನಡದ ಹೆಂಗಸರು ಉಲ್ಲನ್ ಹೆಣೆಯಲು ಕೂಡುತ್ತಿದ್ದರು. ಆ ಒಂದು ಬೆಳಿಗ್ಗೆಗಾಗಿ ನಾನು ವಾರ ತಳ್ಳುತ್ತಿದ್ದೆ.

ಟೀಚರೂ ಬರುತ್ತಿದ್ದರು. ಹೆಣೆಯಲು ಮಾತ್ರ ಬರುತ್ತಿರಲಿಲ್ಲ. ಅವರ ಮಫ್ಲರು ಶುರುವಿನಲ್ಲಿ ಗೇಣಗಲ, ನಡುವಿಗೆ ಬರುವಾಗ ನಾಲ್ಕು ಬೆರಳು… ಬಿಚ್ಚುವುದು, ಮತ್ತೆ ಹೆಣೆಯುವುದು. ನಾಚಿಕೆ ಅಂತ ಇಲ್ಲ.

ಕಾಲೇಜಿನಲ್ಲಿ ಎಂತ ಕಲಿಸುತ್ತೀರಿ ಎಂದು ಒಮ್ಮೆ ಕೇಳಿದೆವು.

“ಆರ್ಟಿಫಿಶಿಯಲ್ ಇಂಟೆಲಿಜೆನ್ಸ್ ಅಂತ. ಯಂತ್ರಕ್ಕೆ ಬುದ್ಧಿ ಕಲಿಸೋದು” ಎಂದರು.

“ಯಂತ್ರಕ್ಕೇ ಬರ್ತದಾದ್ರೆ ನಮ್ಮ ಯಜಮಾನ್ರನ್ನೂ ಸೇರಿಸ್ಕೊಳ್ಳಿ ಮಾರಾಯ್ರೆ” ಎಂದರು ನಾವು ಕೂಡುತ್ತಿದ್ದ ಮನೆಯ ಅಕ್ಕ. ಎಲ್ಲರೂ ಬಿದ್ದು ಬಿದ್ದು ನಕ್ಕೆವು.

ಟೀಚರೂ ನಕ್ಕು, ಬಿಡಿಸಿ ಹೇಳಿದರು. ಬ್ಯಾಂಕಿನ ಚೆಕ್ಕಿನ ಮೇಲೆ ಜನ ಕೈಯಲ್ಲಿ ಬರೆದ ಅಂಕಿಯನ್ನು ಯಂತ್ರ ಓದಬೇಕಂತೆ. ಏಳು ಎಂಬ ಅಂಕಿ ಕಲಿಸಲು ಅದಕ್ಕೆ ಊರೆಲ್ಲ ಬರೆದ ಏಳುಗಳನ್ನು ತೋರಿಸಬೇಕಂತೆ. ತೋರಿಸುವ ಮಾದರಿಗಳಿಗೆ ಡೇಟಾ ಎಂದು ಹೆಸರು. ತೋರಿಸಿ, ತಪ್ಪಿದಾಗ ತಿದ್ದಿ, ಮತ್ತೆ ತೋರಿಸುವುದು ಟ್ರೈನಿಂಗು. ಹಾಗೆ ಕಲಿತು ಕಲಿತು ಯಂತ್ರದೊಳಗೆ ಕೂತ ಲೆಕ್ಕ ಮಾಡೆಲ್ಲು. ನಾವು ಹೂಂ ಹೂಂ ಅಂದೆವು. ಯಾರ ತಲೆಗೂ ಹೋಗಲಿಲ್ಲ. ನಾನಂತೂ ಕುಣಿಕೆ ಎಣಿಸುತ್ತಿದ್ದೆ.

ಆ ಚಳಿಗಾಲಕ್ಕೆ ಮಗಳ ಆಸ್ಪತ್ರೆಯಲ್ಲಿ ತಿಂಗಳು ತುಂಬದೆ ಹುಟ್ಟಿದ ಶಿಶುಗಳಿಗೆ ಟೋಪಿ ಬೇಕು ಎಂದರು. ಮನೆಯ ಅಕ್ಕ ಇಂಗ್ಲಿಷ್ ಪುಸ್ತಕ ತಂದಿಟ್ಟರು. ನನಗೆ ಅದು ಬೇಡ. ಮೊಮ್ಮಗನ ತಲೆ ನೋಡಿ, ಕಣ್ಣಂದಾಜಿನಲ್ಲಿ ಸ್ವಲ್ಪ ಕಡಿಮೆ ಮಾಡಿ ಒಂದು ಹೆಣೆದೆ. ಚೆಂದ ಬಂತು. ಎಲ್ಲರೂ ಪುಸ್ತಕ ಬದಿಗಿಟ್ಟು ನನ್ನದನ್ನೇ ನೋಡಿ ಹೆಣೆದರು. ಚೀಲ ತುಂಬಿತು. ಮಗಳು ಬೇರೆ ವಾರ್ಡಿನವಳು, ಅವಳಿಗೂ ಅಳತೆ ಗೊತ್ತಿಲ್ಲ, ಒಯ್ದು ಕೊಟ್ಟಳು.

ಚೀಲ ಹಾಗೇ ವಾಪಸು ಬಂತು. “ಅಮ್ಮಾ, ಹಾಕಿದ್ರೆ ಮಗುವಿನ ಗಲ್ಲದವರೆಗೆ ಇಳೀತದಂತೆ” ಎಂದಳು ಮಗಳು. ನನ್ನ ಮೊಮ್ಮಗ ಮೊದಲೇ ಗುಂಡುತಲೆಯವನು.

ಶುಕ್ರವಾರ ಚೀಲ ಹೊತ್ತುಕೊಂಡೇ ಹೋದೆ. ಮನೆಯ ಅಕ್ಕನಿಗೆ ಸಿಟ್ಟು ನೆತ್ತಿಗೇರಿತು. “ಓದ್ಲಿಕ್ಕೆ ಬಾರದವರ ಹಿಂದೆ ಹೋದದ್ದಕ್ಕೆ ಹೀಗೇ ಆಗ್ಬೇಕು. ಇನ್ನು ಪುಸ್ತಕ ಓದುವವರು ಮಾತ್ರ ಹೆಣೆಯುವ. ಅಮ್ಮ, ನೀವು ಬೇಕಾದ್ರೆ ಚಾ ನೋಡಿಕೊಳ್ಳಿ.”

ಚಾ ಕಾಯಿಸಲಿಕ್ಕೆ ನನಗೆ ಮಗಳ ಮನೆಯೇ ಉಂಟು. ಕಡ್ಡಿಗಳನ್ನು ಚೀಲಕ್ಕೆ ತುರುಕಿ ಎದ್ದೆ. ಇನ್ನು ಈ ಮೆಟ್ಟಿಲು ಹತ್ತುವುದಿಲ್ಲ ಅಂತ ನಿಶ್ಚಯ ಮಾಡಿ ಆಗಿತ್ತು.

“ಕೂತ್ಕೊಳ್ಳಿ ಅಮ್ಮ” ಎಂದರು ಟೀಚರ್. ಗದರಿದ ಹಾಗೇ ಇತ್ತು. ಟೋಪಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು.

“ನೋಡಿ, ಒಂದರ ಹಾಗೇ ಇನ್ನೊಂದಿದೆ. ಹೆಣಿಗೇಲಿ ಏನೂ ತಪ್ಪಿಲ್ಲ. ಒಂದೇ ತಲೆ ನೋಡಿದ್ವಿ, ಅದೊಂದನ್ನೇ ಕಲಿತ್ವಿ. ನನ್ನ ಯಂತ್ರಕ್ಕೂ ಒಬ್ಬರ ಕೈಯ ಏಳು ಮಾತ್ರ ತೋರಿಸಿದ್ರೆ, ಇನ್ನೊಬ್ಬರು ಬರೆದ ಏಳನ್ನ ಒಂದು ಅಂತ ಓದುತ್ತೆ. ಅದಕ್ಕೆ ಯಂತ್ರಾನ ಆಚೆಗೆ ಎಸೀತೀನಾ? ಇನ್ನೊಂದಷ್ಟು ಏಳು ತರ್ತೀನಿ.”

“ಹಾಗಾದ್ರೆ ಈ ಪುಸ್ತಕ ಎಂತಕ್ಕೆ?” ಎಂದರು ಮನೆಯ ಅಕ್ಕ.

“ಪುಸ್ತಕ ನಿಮ್ಮ ಮುಂದೇನೇ ಇತ್ತಲ್ಲ ಅಕ್ಕ, ನೀವ್ಯಾಕೆ ಇದೇ ಟೋಪಿ ಹೆಣೆದ್ರಿ?”

ಯಾರೋ ಕಿಸಕ್ಕೆಂದರು. ಮನೆಯ ಅಕ್ಕನ ಮುಖ ಕೆಂಪಾಯಿತು. ಆಮೇಲೆ ಅವರಿಗೇ ನಗು ಬಂತು. “ಖಲಾಸ್. ಟೀಚರ ಹತ್ರ ಮಾತಾಡಿ ಗೆಲ್ಲುವವರು ಯಾರು! ಅಮ್ಮ, ಕೂತ್ಕೊಳ್ಳಿ, ಚಾ ನಾನೇ ತರ್ತೇನೆ.”

ನಾನು ಕೂತೆ. “ಅಂದ್ರೆ ಬೇರೆ ಬೇರೆ ತಲೆ ಬೇಕು, ಅಷ್ಟೇ ಅಲ್ವಾ?” ಎಂದು ಕೇಳಿದೆ.

“ಅಷ್ಟೇ ಅಮ್ಮ. ಅದನ್ನೇ ಡೇಟಾ ಅನ್ನೋದು” ಎಂದು ತಮ್ಮ ಸೊಟ್ಟ ಮಫ್ಲರು ಎತ್ತಿಕೊಂಡರು.

ಈಗ ಮೊಮ್ಮಗ ಹೊತ್ತು ಹೊತ್ತಿಗೂ ಎಐ ಎಐ ಎನ್ನುತ್ತಾನೆ. ಅಜ್ಜಿಗೆ ಎಂತ ಗೊತ್ತು ಎಂದುಕೊಂಡಿದ್ದ. ಡೇಟಾ ಸಾಲದಿದ್ದರೆ ಅದು ಸುಳ್ಳೇ ಹೇಳುವುದು ಎಂದೆ, ಬಾಯಿ ಬಿಟ್ಟು ನೋಡಿದ. ಟೀಚರಿಗೆ ಹೇಳಿದ್ದರೆ ನಗುತ್ತಿದ್ದರು… ಅವರಿಲ್ಲ. ಕಾಯಿಲೆಯಾಗಿ ಮೈಸೂರಿಗೆ ಮರಳಿದರು, ತೀರಿಹೋಗಿ ಎರಡು ವರ್ಷವಾಯಿತಂತೆ. ನನಗೆ ತಿಳಿದದ್ದು ಈಚೆಗೆ, ಮನೆಯ ಅಕ್ಕ ಫೋನು ಮಾಡಿದಾಗ. ದೊಡ್ಡ ಮಾತು ನನಗೆ ಬರುವುದಿಲ್ಲ. ಉಪಕಾರವಾಯಿತು ಎಂದು ಒಮ್ಮೆ ಬಾಯಿಬಿಟ್ಟು ಹೇಳಬಹುದಿತ್ತು, ಹೇಳಲಿಲ್ಲ. ಅವತ್ತು ಅವರು ಸುಮ್ಮನಿದ್ದಿದ್ದರೆ ಉಳಿದ ವರ್ಷಗಳನ್ನು ನಾನು ಆ ಫ್ಲಾಟಿನ ಗೋಡೆ ನೋಡಿಕೊಂಡು ಕಳೆಯುತ್ತಿದ್ದೆ. ಕೂತ್ಕೊಳ್ಳಿ ಎಂದರು, ಕೂತೆ, ಊರಿಗೆ ಬರುವವರೆಗೂ ಪ್ರತಿ ಶುಕ್ರವಾರ ಅವರೆಲ್ಲರ ನಡುವೆಯೇ ಕೂತೆ.

ಟೀಚರ್ ಕೂತ್ಕೊಳ್ಳಿ ಎಂದ ಆ ಶುಕ್ರವಾರದ ಮರುದಿನ ಬೆಳಿಗ್ಗೆ ಅಳಿಯನಿಗೆ ರಜೆ. ಮಗುವನ್ನು ಅವನ ಕೈಗೆ ಕೊಟ್ಟು ಮಗಳ ಜೊತೆ ಆಸ್ಪತ್ರೆಗೆ ಹೋದೆ. ತಲೆಗಳ ಅಳತೆಗೆಂದು ನಾನು ತಂದ ಉಲ್ಲನ್ ನೂಲನ್ನು ಶಿಶುಗಳ ಕೋಣೆಗೆ ಒಯ್ಯಲು ಬಿಡುವುದಿಲ್ಲ ಎಂದರು. ಅಲ್ಲಿಯ ಮಲಯಾಳಿ ನರ್ಸು ಬ್ಯಾಂಡೇಜಿನ ಬಟ್ಟೆಯನ್ನು ಪಟ್ಟಿ ಮಾಡಿ, ಒಂದೊಂದು ಮಗುವಿನ ತಲೆಗೂ ಸುತ್ತಿ, ಅಷ್ಟಷ್ಟಕ್ಕೇ ಕತ್ತರಿಸಿದಳು. ನಾನು ಗಾಜಿನ ಈಚೆ ನಿಂತು ಕಣ್ಣು ಕೀಳದೆ ನೋಡಿದೆ. ಅಂಗೈಯಲ್ಲಿ ಅಡಗುವಂಥ ತಲೆಗಳು. ಅವಳು ತಂದುಕೊಟ್ಟ ಪಟ್ಟಿಗಳನ್ನು ಮುಷ್ಟಿಯಲ್ಲಿ ಹಿಡಿದು ಬಸ್ಸು ಹತ್ತಿದೆ. ಸೀಟಿನಲ್ಲಿ ಕೂತು ತೊಡೆಯ ಮೇಲೆ ಹರಡಿ, ಒಂದರ ಪಕ್ಕ ಒಂದು ಇಟ್ಟೆ. ಒಂದೂ ಇನ್ನೊಂದರಷ್ಟು ಇರಲಿಲ್ಲ.