ನಿನ್ನೆ ಹನ್ನೊಂದು ಗಂಟೆಗೆ

ಕಡೂರು ಬಸ್ ಸ್ಟ್ಯಾಂಡಿನ ಹತ್ತಿರ, ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ಸ್ಪೋಕನ್ ಇಂಗ್ಲಿಷ್ ಕ್ಲಾಸು. ಬೀರೂರಿನಿಂದ ನಾನೂ ನನ್ನ ಗೆಳತಿಯೂ ಒಟ್ಟಿಗೆ ಹೋಗುತ್ತಿದ್ದೆವು. ಕಡೂರಿನದೇ ಒಂದು ಶಾಲೆಗೆ ಟೀಚರ್ ಬೇಕಾಗಿತ್ತು, ಇದ್ದದ್ದು ಒಂದೇ ಕೆಲಸ. ಇಬ್ಬರೂ ಅರ್ಜಿ ಹಾಕಿದ್ದೆವು. ಮದುವೆಯಾದ ಮೇಲೆ ನಾನು ನನಗೋಸ್ಕರ ಆಸೆಪಟ್ಟಿದ್ದು ಅದೊಂದನ್ನೇ. ನನ್ನ ಫೋನು ರಿಪೇರಿಗೆ ಹೋಗಿದ್ದರಿಂದ ನನ್ನ ಅರ್ಜಿಯಲ್ಲೂ ಅವಳ ನಂಬರನ್ನೇ ಕೊಟ್ಟಿದ್ದೆ.

ಅವಳಿಗೆ ‘ವಾಸ್’ ಅನ್ನುವುದು ನಾಲಿಗೆಗೆ ಬರುತ್ತಲೇ ಇರಲಿಲ್ಲ. ‘ಐ ಕುಕಿಂಗ್’ ಅನ್ನುವಳು. “ಮಾಡ್ತಾ ಇದ್ದೆ ಅಂತೀವಲ್ಲ, ಆ ‘ಇದ್ದೆ’ನೇ ಕಣೇ ವಾಸ್. ಯೂ, ವಿ, ದೇ ಬಂದ್ರೆ ವರ್. ಆಮೇಲೆ ಮಾಡೋ ಕೆಲ್ಸಕ್ಕೆ ಒಂದು ಇಂಗ್ ಹಚ್ಚು” ಎಂದು ಬಸ್ಸಿನಲ್ಲಿ ತಿದ್ದಿ ತಿದ್ದಿ ನನ್ನ ಬಾಯಿ ನೋಯುತ್ತಿತ್ತು. “ನೀನಿಲ್ದಿದ್ರೆ ನಂಗೆಲ್ಲಿ ಇಂಗ್ಲಿಷು” ಅನ್ನುವಳು. ನಾನೂ ಉಬ್ಬಿಹೋಗುತ್ತಿದ್ದೆ, ಪೆದ್ದಿ.

ಮೇಷ್ಟ್ರದ್ದೊಂದು ಪದ್ಧತಿಯಿತ್ತು. ಸಾಲಾಗಿ ಒಬ್ಬರು ಪಕ್ಕದವರನ್ನು ಕೇಳಬೇಕು. ಅವರು ಯೋಚಿಸದೆ, ಥಟ್ಟನೆ, ನಿಜವನ್ನೇ ಹೇಳಬೇಕು. ಆ ದಿನದ ಪ್ರಶ್ನೆ: ನಿನ್ನೆ ಹನ್ನೊಂದು ಗಂಟೆಗೆ ವಾಟ್ ವರ್ ಯೂ ಡೂಯಿಂಗ್? “ಆ ಟೈಮಲ್ಲಿ ನಡೀತಾ ಇದ್ದಿದ್ದು ಹೇಳ್ಬೇಕಮ್ಮ, ಮುಗಿದಿದ್ದಲ್ಲ” ಎಂದರು. ಒಬ್ಬಳು ಬಟ್ಟೆ ಒಗೆಯುತ್ತಿದ್ದಳು, ಇನ್ನೊಬ್ಬಳು ರೈಲಿಗೆ ಕಾಯುತ್ತಿದ್ದಳು. ನನ್ನ ಗೆಳತಿಯ ಸರದಿ ಬಂತು.

“ಐ ವಾಸ್ ಟೀಚಿಂಗ್ ಇನ್ ದ ಸ್ಕೂಲ್. ದ ಹೆಡ್‌ಮಿಸ್ ವಾಸ್ ವಾಚಿಂಗ್ ಮಿ.”

ಒಂದು ತಪ್ಪಿಲ್ಲ. ಹೇಳಿ ಮುಗಿಸಿದ ಮೇಲೆ ಅವಳ ಮುಖ ಬಿಳುಚಿಕೊಂಡಿತು. ಕನ್ನಡದಲ್ಲಾಗಿದ್ದರೆ ಸಲೀಸಾಗಿ ಸುಳ್ಳು ಹೇಳುತ್ತಿದ್ದಳು. ಇಂಗ್ಲಿಷಿನಲ್ಲಿ ಸುಳ್ಳು ಹೇಳುವಷ್ಟು ನಾವಿನ್ನೂ ಕಲಿತಿರಲಿಲ್ಲ. ಪಾಠ ಮಾಡಿಸಿ ನೋಡಲು ಶಾಲೆಯವರು ಅವಳ ಫೋನಿಗೆ ಮಾಡಿ ಇಬ್ಬರನ್ನೂ ಕರೆದಿದ್ದರಂತೆ, ಆಮೇಲೆ ವಿಚಾರಿಸಿದಾಗ ಗೊತ್ತಾಯಿತು. ಅವಳು ಮಾತ್ರ ಹಿಂದಿನ ದಿನ ಬೆಳಗ್ಗೆ ನಮ್ಮನೆಗೆ ಬಂದು, “ಅಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು ಕಣೇ, ಮಗೂನ ಸ್ವಲ್ಪ ನೋಡ್ಕೋ” ಎಂದು ಮಗಳನ್ನು ಬಿಟ್ಟು ಹೋಗಿದ್ದಳು. ಹೊಟ್ಟೆ ಉರಿದುಹೋಯಿತು. ಕೆಲಸ ಕೈತಪ್ಪಿದ್ದಕ್ಕಿಂತ, ಇಷ್ಟು ಸುಲಭವಾಗಿ ನನ್ನ ಕಣ್ಣಿಗೆ ಮಣ್ಣೆರಚಿದಳಲ್ಲ ಎಂದು.

“ಹೂಂ, ಪಕ್ಕದವ್ರನ್ನ ಕೇಳಮ್ಮ” ಎಂದರು ಮೇಷ್ಟ್ರು.

ಪಕ್ಕದಲ್ಲಿದ್ದವಳು ನಾನೇ. ಅವಳು ನೆಲ ನೋಡುತ್ತಾ ಕೇಳಿದಳು, ವಾಟ್ ವರ್ ಯೂ ಡೂಯಿಂಗ್.

“ಐ ವಾಸ್ ಫೀಡಿಂಗ್ ಯುವರ್ ಡಾಟರ್” ಎಂದೆ.

“ವೆರಿ ಗುಡ್” ಎಂದರು ಮೇಷ್ಟ್ರು, ಮುಂದಿನವಳ ಕಡೆ ತಿರುಗುತ್ತಾ.