ವಿಮಲಕ್ಕನಿಗೆ ಹೇಳಿದ ಮಾತು

ಭುವನಾಳಿಗೆ ದಮ್ಮು ಶುರುವಾದದ್ದು ಲಂಗ ಹಾಕುವ ವಯಸ್ಸಿನಲ್ಲೇ. ಕಣದಲ್ಲಿ ರಾಗಿ ತೂರಿದರೆ ಸಾಕು, ಎದೆಯಲ್ಲಿ ಬೆಕ್ಕು ಗುರುಗುಟ್ಟಿದಂಥ ಸದ್ದು. ಮದುವೆಯಾಗಿ ಅಜ್ಜಂಪುರದಾಚೆಯ ಹಳ್ಳಿಗೆ ಬಂದ ಮೇಲೆ ಗಂಡ ದೇವೀರಪ್ಪ ಅವಳನ್ನು ತರೀಕೆರೆಯ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋಗಿ ಬಾಯಿಗಿಟ್ಟು ಎಳೆದುಕೊಳ್ಳುವ ಪಂಪು ಕೊಡಿಸಿದ. ಅದು ಬಂದ ಮೇಲೆ ದಮ್ಮು ಅವಳಿಗೆ ಮನೆಗೆ ಬಂದು ಹೋಗುವ ಜಗಳಗಂಟ ನೆಂಟನ ಹಾಗಾಯಿತು. ಬರುತ್ತದೆ, ಗಲಾಟೆ ಮಾಡುತ್ತದೆ, ಹೋಗುತ್ತದೆ.

ಮಗಳು ಶಾಲೆಗೆ ಸೇರಿದ ವರ್ಷವೇ ಭುವನಾ ಅದೇ ಶಾಲೆಯ ಬಿಸಿಯೂಟದ ಅಡುಗೆಗೆ ಸೇರಿದಳು. ಮುಖ್ಯ ಅಡುಗೆಯವಳು ವಿಮಲಮ್ಮ. ದೊಡ್ಡ ಕೈ, ದೊಡ್ಡ ಬಾಯಿ, ಊರಿಗೆಲ್ಲ ಬೇಕಾದ ಹೆಂಗಸು. ಒಗ್ಗರಣೆಯ ಹೊತ್ತಿಗೆ "ಆಚೀಕೆ ಹೋಗೇ, ಘಾಟು ಹೊಡೀತದೆ" ಎಂದು ಗದರಿ, ಮೆಣಸಿನಕಾಯಿಯನ್ನು ತಾನೇ ಹುರಿಯುತ್ತಿದ್ದಳು. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡಿದ್ದ ಭುವನಾಳಿಗೆ ಆ ಗದರಿಕೆ ಹಿತವಾಗಿತ್ತು. ಹಬ್ಬಕ್ಕೆ ಒಬ್ಬಟ್ಟು ಮಾಡಿದರೆ ಮೊದಲ ತಟ್ಟೆ ವಿಮಲಕ್ಕನ ಮನೆಗೇ ಹೋಗುತ್ತಿತ್ತು.

ಒಮ್ಮೆ ವಿಮಲಮ್ಮ ನೆಂಟರ ಮದುವೆಗೆ ಹೋಗಿದ್ದಾಗ ಒಗ್ಗರಣೆ ಭುವನಾಳ ಪಾಲಿಗೆ ಬಂತು. ಘಾಟು ನೆತ್ತಿಗೇರಿತು. ಪಂಪು ಖಾಲಿಯಾಗಿತ್ತು. ತುಟಿ ನೀಲಿಗಟ್ಟಿದವಳನ್ನು ಆಟೋದಲ್ಲಿ ಮಲಗಿಸಿಕೊಂಡು ಹೋಗಿ ಆಸ್ಪತ್ರೆಯಲ್ಲಿ ಆಮ್ಲಜನಕ ಕೊಡಿಸಿದರು. ಜೀವ ಉಳಿಯಿತು. ಆದರೆ ಅಲ್ಲಿಂದ ವಾಪಸು ಬರುವಾಗ ಅವಳ ಜೊತೆ ಹೊಸದೊಂದು ಕಾಯಿಲೆ ಬಂದಿತ್ತು.

ಬಸ್ಸು ತುಂಬಿದರೆ ಗಂಟಲು ಕಟ್ಟುತ್ತಿತ್ತು. ಕುದಿಯುವ ಸಾರಿನ ಮುಂದೆ ನಿಂತರೆ ಕೈ ನಡುಗುತ್ತಿತ್ತು. ಪಂಪು ಎಳೆದರೂ ಉಸಿರು ಸಾಲದು ಅನ್ನಿಸುತ್ತಿತ್ತು. ಮಗಳಿಗೆ ಜಡೆ ಹಾಕುತ್ತ ಹಾಕುತ್ತ ಸುಮ್ಮಸುಮ್ಮನೆ ಕಣ್ಣೀರು ಸುರಿಯುತ್ತಿತ್ತು. ಡಾಕ್ಟರಮ್ಮ ಎದೆಗೆ ಯಂತ್ರವಿಟ್ಟು ಬಹಳ ಹೊತ್ತು ಕೇಳಿ ಹೇಳಿದರು:

"ಈಗ ಎದೆಯಲ್ಲಿ ಸದ್ದಿಲ್ಲಮ್ಮ. ಆವತ್ತಿನ ಹೆದರಿಕೆ ಒಳಗೇ ಕೂತಿದೆ. ದಮ್ಮು ಬಂದ್ರೆ ಹೆದರಿಕೆ ಹೆಚ್ಚಾಗುತ್ತೆ, ಹೆದರಿಕೆ ಹೆಚ್ಚಾದ್ರೆ ದಮ್ಮೂ ಕೆರಳುತ್ತೆ. ಉಬ್ಬಸ ಇರೋರಲ್ಲಿ ಎಷ್ಟೋ ಜನಕ್ಕೆ ಹೀಗಾಗುತ್ತೆ. ಎರಡಕ್ಕೂ ಔಷಧಿ ತಗೋಬೇಕು."

"ನನಗೆ ಹುಚ್ಚಾ ಅಮ್ಮಾ?"

"ಅಲ್ಲ ಕಣಮ್ಮ. ಎದೆ ಸುಸ್ತಾದ ಹಾಗೇ ಮನಸ್ಸೂ ಸುಸ್ತಾಗಿದೆ."

ಅವರು ಹೇಳಿದ ಮನಸ್ಸಿನ ಡಾಕ್ಟರು ಮಾತ್ರೆ ಬರೆದುಕೊಟ್ಟು, ನಿಧಾನವಾಗಿ ಉಸಿರು ಬಿಡುವುದನ್ನು ಕಲಿಸಿದರು. ತಿಂಗಳು ಕಳೆಯುವುದರೊಳಗೆ ಭುವನಾ ಚೂರು ಗೆಲುವಾದಳು. ಈ ಸಂಗತಿ ದೇವೀರಪ್ಪನನ್ನು ಬಿಟ್ಟರೆ ಗೊತ್ತಿದ್ದದ್ದು ವಿಮಲಮ್ಮನೊಬ್ಬಳಿಗೇ. ಅಕ್ಕಿ ಆರಿಸುತ್ತ ಕೂತಿದ್ದಾಗ ಭುವನಾಳೇ ಎಲ್ಲ ಹೇಳಿಕೊಂಡಿದ್ದಳು. ಸಾರಿನ ಮುಂದೆ ಕೈ ನಡುಗುವುದನ್ನೂ ಬಿಟ್ಟಿರಲಿಲ್ಲ. ವಿಮಲಮ್ಮ ಅವಳ ತಲೆ ಸವರಿ, "ನನ್ನ ಹೊಟ್ಟೇಲಿ ಹಾಕ್ಕೊಂಡೆ ಬಿಡೇ, ಇನ್ನು ಇದು ಆಚೆ ಹೋಗಲ್ಲ" ಎಂದಿದ್ದಳು.

ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವ ಮುಂಚೆ ಶಾಲಾ ಸಮಿತಿಯವರು ಭುವನಾಳನ್ನು ಕರೆಸಿದರು. ಹೊಸದಾಗಿ ಸುಣ್ಣ ಬಳಿದ ಕೋಣೆ. ಅಧ್ಯಕ್ಷ ಓಬಳಪ್ಪ, ಒಂದಷ್ಟು ಪೋಷಕರು, ಗೋಡೆಗೊರಗಿ ವಿಮಲಮ್ಮ.

"ಏನವ್ವಾ, ನೀನು ತಲೆ ಕೆಟ್ಟೋರ ಮಾತ್ರೆ ನುಂಗ್ತೀಯಂತೆ?" ಓಬಳಪ್ಪ ಕೇಳಿದ. "ಕುದಿಯೋ ಸಾರಿನ ಮುಂದೆ ಕೈ ನಡುಗ್ತದಂತೆ. ಮಕ್ಕಳ ಮೇಲೆ ಚೆಲ್ಲಿಬಿಟ್ರೆ ಯಾರು ಹೊಣೆ?"

ಸಾರಿನ ಮಾತು ಕಿವಿಗೆ ಬಿದ್ದ ಕೂಡಲೇ ಭುವನಾಳಿಗೆ ತಿಳಿದುಹೋಯಿತು. ಅವಳು ವಿಮಲಮ್ಮನತ್ತ ತಿರುಗಿದಳು. ವಿಮಲಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

ಏನೋ ಹೇಳಲು ಬಾಯಿ ತೆರೆದರೆ ಮಾತಿಗೆ ಮೊದಲು ಸುಣ್ಣದ ಧೂಳು ಒಳಗೆ ಹೋಯಿತು. ಕೆಮ್ಮು ಬಂತು, ಬೆನ್ನಿಗೇ ಆ ಗುರುಗುರು ಸದ್ದು. ಇದು ಹೆದರಿಕೆಯಲ್ಲ, ದಮ್ಮೇ ಎಂದು ಅವಳಿಗೆ ಸ್ಪಷ್ಟವಾಗಿ ಗೊತ್ತಿತ್ತು. "ನೋಡಿ, ಶುರುವಾಯ್ತು" ಎಂದರು ಯಾರೋ. ಪಂಪು, ಬಂದ ಕೂಡಲೇ ಅಭ್ಯಾಸದಂತೆ ಅಡುಗೆ ಕೋಣೆಯ ಮೊಳೆಗೆ ನೇತುಹಾಕಿದ್ದ ಬ್ಯಾಗಿನಲ್ಲಿತ್ತು. ಭುವನಾ ವಿಮಲಮ್ಮನನ್ನೇ ನೋಡುತ್ತ ಆ ಕಡೆಗೆ ಕೈ ಮಾಡಿದಳು.

ವಿಮಲಮ್ಮ ಕದಲಲಿಲ್ಲ. "ಸುಮ್ನೆ ಬಿಡಿ, ತಾನೇ ಸರಿಹೋಗ್ತದೆ. ದಮ್ಮಲ್ಲ ಅದು, ಹೆದ್ರಿಕೆ ಅಷ್ಟೇ" ಎಂದಳು.

ಅವಳು ಹೇಳಿದ ಮೇಲೆ ಬೇರೆ ಯಾರೂ ಏಳಲಿಲ್ಲ. ಭುವನಾ ಗೋಡೆ ಹಿಡಿದು ಕುಸಿದಾಗ, ಮಗನ ವಿಷಯ ಕೇಳಲು ಬಂದಿದ್ದ ಕುಬ್ರಾ ಎಂಬ ಹೆಂಗಸು ಎದ್ದು ನಿಂತಳು. "ನಮ್ಮ ಅಬ್ಬಾಗೂ ಹಿಂಗೇ ಆಗ್ತಿತ್ತು, ಇದು ದಮ್ಮೇ ಕಣ್ರೀ! ಪಂಪೆಲ್ಲಿ?" ಎಂದು ಕೂಗಿ, ಭುವನಾ ತೋರಿಸಿದ ಕಡೆ ಓಡಿ ಬ್ಯಾಗು ತಂದಳು.

ಕೆಲಸ ಹೋಯಿತು. ಆ ಜಾಗಕ್ಕೆ ವಿಮಲಮ್ಮನ ಕಿರಿ ಸೊಸೆ ಬಂದಳು. ಊರಿಗೆ ಭುವನಾಳ ಹೆಸರು ಮರೆತೇಹೋದಂತಾಯಿತು. ನಲ್ಲಿಯ ಹತ್ತಿರ ಅವಳು "ಮಾತ್ರೆಯವಳು". ಅವಮಾನಕ್ಕೆ ಮಾತ್ರೆ ನಿಲ್ಲಿಸಿದಳು. ಜನರೆದುರು ಪಂಪು ತೆಗೆಯುವುದನ್ನೂ ಬಿಟ್ಟಳು. ಹೆದರಿಕೆ ಹೊಸ್ತಿಲು ದಾಟಲು ಬಿಡಲಿಲ್ಲ, ದಮ್ಮು ಮಲಗಲು ಬಿಡಲಿಲ್ಲ. ಕೊನೆಗೆ ದೇವೀರಪ್ಪ ಸಿಡಿದುಬಿದ್ದ.

"ಊರೋರ ಬಾಯಿಗೆ ಹೆದ್ರಿ ನೀನು ಸತ್ರೆ, ಊರೋರು ಬಂದು ನನ್ನ ಮಗಳಿಗೆ ಜಡೆ ಹಾಕ್ತಾರೇನೇ?"

ಮರುದಿನ ಇಬ್ಬರೂ ತರೀಕೆರೆ ಬಸ್ಸು ಹತ್ತಿದರು. ಡಾಕ್ಟರಮ್ಮ ಬೈಯಲಿಲ್ಲ. ಎರಡೂ ಔಷಧಿ ಮತ್ತೆ ಶುರುವಾದವು. ಈಗ ಅವಳು ಅಜ್ಜಂಪುರದ ಒಂದು ಅಂಗಡಿಯಲ್ಲಿ ರವಿಕೆ ಹೊಲಿಯುತ್ತಾಳೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಗದಿದ್ದರೂ ಹತ್ತುತ್ತಾಳೆ. ಹೊಲಿಗೆಯ ಹೆಂಗಸರು ಮನೆಯ ಕಷ್ಟಸುಖ ಹೇಳಿಕೊಂಡರೆ ಕೇಳಿಸಿಕೊಳ್ಳುತ್ತಾಳೆ, ತನ್ನದನ್ನು ಹೇಳುವುದಿಲ್ಲ.

ಹೋದ ದೀಪಾವಳಿಗೆ ವಿಮಲಮ್ಮ ಮನೆಗೆ ಬಂದಳು. ಜಗಲಿಯ ಮೇಲೆ ಕೂತು ಕಣ್ಣೊರೆಸಿಕೊಂಡಳು.

"ಸೊಸೆಗೆ ಕೆಲ್ಸ ಬೇಕಿತ್ತು ಕಣೇ. ಮಾತು ಬಾಯಿಂದ ಜಾರಿಬಿಡ್ತು."

"ಮಾತು ಜಾರಿದ್ದು ಇರ್ಲಿ ಅಕ್ಕಾ" ಎಂದಳು ಭುವನಾ. "ನಾನು ಉಸಿರಿಲ್ದೆ ನಿನ್ನೇ ನೋಡ್ತಾ ಬ್ಯಾಗಿನ ಕಡೆ ಕೈ ಮಾಡಿದ್ನಲ್ಲ, ಆಗ ಅದು ಬರೀ ಹೆದ್ರಿಕೆ ಅಂತ ನಿಜ್ವಾಗ್ಲೂ ಅಂದ್ಕೊಂಡಿದ್ಯಾ?"

ವಿಮಲಮ್ಮ ಅಂಗಳದಲ್ಲಿ ಆಡುತ್ತಿದ್ದ ಮಕ್ಕಳನ್ನು ನೋಡಿದಳು. ಕೊಟ್ಟ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದಳು. ಭುವನಾ ಅವಳನ್ನು ಕೂರು ಎನ್ನಲಿಲ್ಲ.